ಕೆಲಸ ಇದೆ, ಮಲಗಲು ಜಾಗವಿಲ್ಲ

ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ಅಂಗಡಿಗಳು ಬಾಗಿಲೆಳೆದ ಮೇಲೆ ಜಗಲಿಗಳ ಮೇಲೆ ಗೋಣಿಚೀಲ ಹಾಸಿ ಮಲಗಿದವರನ್ನು ಕಂಡರೆ ದಾರಿಹೋಕರ ಮನಸ್ಸಿಗೆ ಮೊದಲು ಬರುವ ಮಾತು ‘ಪಾಪ, ಕೆಲಸವಿಲ್ಲ’. ಸ್ವಲ್ಪ ಕಟುವಾದವರು ‘ದುಡಿದು ತಿನ್ನಬಾರದೇ?’ ಎನ್ನುತ್ತಾರೆ. ಕನಿಕರದ ಮಾತೂ ಸಿಟ್ಟಿನ ಮಾತೂ ಒಂದೇ ಊಹೆಯ ಮೇಲೆ ನಿಂತಿವೆ: ಮನೆಯಿಲ್ಲದವರಿಗೆ ಕೆಲಸವೂ ಇರಲಾರದು. ಆದರೆ ಬೆಳಗಿನ ನಾಲ್ಕು ಗಂಟೆಗೆ ಹೋಗಿ ನೋಡಿದರೆ ಅದೇ ಜಗಲಿಗಳು ಅರ್ಧಕ್ಕರ್ಧ ಖಾಲಿ. ಮಲಗಿದ್ದವರಲ್ಲಿ ಕೆಲವರು ಕೆ.ಆರ್. ಮಾರುಕಟ್ಟೆಯಲ್ಲಿ ಲಾರಿಯಿಂದ ತರಕಾರಿ ಮೂಟೆ ಇಳಿಸುತ್ತಿರುತ್ತಾರೆ. ಕೆಲವರು ಮೇಸ್ತ್ರಿ ಬಂದು ಆಳುಗಳನ್ನು ಆರಿಸಿಕೊಳ್ಳುವ ವೃತ್ತದಲ್ಲಿ ನಿಂತಿರುತ್ತಾರೆ. ಇನ್ನು ಕೆಲವರು ಕಲ್ಯಾಣ ಮಂಟಪದ ಅಡುಗೆಮನೆಯಲ್ಲಿ ಹಿಂದಿನ ರಾತ್ರಿಯ ಪಾತ್ರೆ ತೊಳೆದು ಆಗಷ್ಟೇ ಮರಳಿ ಮಲಗಲು ಜಾಗ ಹುಡುಕುತ್ತಿರುತ್ತಾರೆ.

ಈ ತಪ್ಪು ಊಹೆ ದಾರಿಹೋಕರ ಮನಸ್ಸಿನಲ್ಲಷ್ಟೇ ಉಳಿದಿದ್ದರೆ ಅಷ್ಟೇನೂ ನಷ್ಟವಿರಲಿಲ್ಲ. ನಗರದ ಬಡವರಿಗೆಂದು ಸರ್ಕಾರಗಳು ರೂಪಿಸಿದ ಉದ್ಯೋಗ ಯೋಜನೆಗಳ ಒಳಗೂ ಅದು ಹೊಕ್ಕಿದೆ. ಕೆಲಸ ಬಾರದವರಿಗೆ ಕೆಲಸ ಕಲಿಸಿ, ಪ್ರಮಾಣಪತ್ರ ಕೊಟ್ಟು, ಎಲ್ಲಾದರೂ ಸೇರಿಸಿದರೆ ಸಂಬಳ ಬರುತ್ತದೆ. ಸಂಬಳ ಬಂದರೆ ಬಾಡಿಗೆ ಮನೆ ತಾನಾಗಿ ಸಿಗುತ್ತದೆ ಎಂಬುದು ಅವುಗಳ ತರ್ಕ. ಈ ತರ್ಕ ತಲೆಕೆಳಗಾಗಿದೆ ಎಂಬುದು ನನ್ನ ವಾದ. ನಮ್ಮ ನಗರಗಳಲ್ಲಿ ನೆಲೆಯಿಲ್ಲದೆ ಬದುಕುವವರಲ್ಲಿ ಹೆಚ್ಚಿನವರು ಈಗಾಗಲೇ ದುಡಿಯುವವರು. ಇವತ್ತಿನ ಕೂಲಿಯನ್ನು ನಾಳೆಗೂ, ಈ ತಿಂಗಳ ಕೆಲಸವನ್ನು ಮುಂದಿನ ತಿಂಗಳಿಗೂ ಉಳಿಸಿಕೊಳ್ಳಲು ಬೇಕಾದ ಆಧಾರ ಮಾತ್ರ ಅವರಿಗಿಲ್ಲ. ಹಾಗಾಗಿ ಅವರಿಗೆ ಕೊಡುವ ಉದ್ಯೋಗ ನೆರವು ತರಬೇತಿ ಕೊಠಡಿಯಲ್ಲಿ ಶುರುವಾಗಬಾರದು. ಕೆಲಸದ ಜಾಗಕ್ಕೆ ಹತ್ತಿರದ ಹಾಸಿಗೆ, ಬೀಗವಿರುವ ಪೆಟ್ಟಿಗೆ, ವಿಳಾಸ ಕೇಳದ ಗುರುತಿನ ಚೀಟಿ, ದುಡಿದ ಕೂಲಿಗೆ ಕಾವಲು, ಈ ನಾಲ್ಕರಿಂದ ಶುರುವಾಗಬೇಕು.

ದುಡಿಮೆಗೂ ಬೀದಿಯ ವಾಸಕ್ಕೂ ಇರುವ ನಂಟನ್ನು ನಮ್ಮ ದೇಶದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ದಾಖಲಿಸಿದ್ದು ಸುಪ್ರೀಂ ಕೋರ್ಟ್. 1981ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದ ಎ.ಆರ್. ಅಂತುಳೆ ಮುಂಬೈಯ ಪಾದಚಾರಿ ಮಾರ್ಗಗಳಲ್ಲಿದ್ದ ಗುಡಿಸಲುಗಳನ್ನು ಕಿತ್ತು, ಅಲ್ಲಿನವರನ್ನು ಅವರವರ ಊರುಗಳಿಗೆ ಕಳುಹಿಸುವುದಾಗಿ ಘೋಷಿಸಿದರು. ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮತ್ತು ಕೆಲವು ಬೀದಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಅರ್ಜಿದಾರರಲ್ಲಿ ಒಬ್ಬರು ತಮಿಳುನಾಡಿನ ಸೇಲಂ ಕಡೆಯಿಂದ ಬರಕ್ಕೆ ಬೆದರಿ, ಕೆಲಸ ಹುಡುಕಿಕೊಂಡು ಬಂದ ಭೂಮಿಯಿಲ್ಲದ ಕೂಲಿಕಾರ. 1985ರ ಜುಲೈನಲ್ಲಿ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಪೀಠ ನೀಡಿದ ತೀರ್ಪಿನ ತಿರುಳು ಹೀಗಿತ್ತು: ಈ ಜನ ಪಾದಚಾರಿ ಮಾರ್ಗದಲ್ಲಿ ಇರುವುದು ಅವರ ಕೆಲಸ ಅದರ ಆಸುಪಾಸಿನಲ್ಲಿ ಇರುವುದರಿಂದ, ಅಲ್ಲಿಂದ ಎಬ್ಬಿಸಿದರೆ ಕೆಲಸವೂ ಹೋಗುತ್ತದೆ, ಜೀವನೋಪಾಯವನ್ನು ಕಸಿಯುವುದು ಎಂದರೆ ಬದುಕುವ ಹಕ್ಕನ್ನೇ ಕಸಿಯುವುದು. ಹಾಗೆಂದು ನ್ಯಾಯಾಲಯ ತೆರವನ್ನು ಶಾಶ್ವತವಾಗಿ ತಡೆಯಲಿಲ್ಲ. ನೋಟಿಸ್ ಕೊಡಬೇಕು, ಮಳೆಗಾಲ ಮುಗಿಯುವ ತನಕ ಎಬ್ಬಿಸಬಾರದು ಎಂದು ಹೇಳಿತು. ತತ್ವ ಬೀದಿವಾಸಿಗಳ ಪಾಲಿಗೆ ಬಂತು, ಜಾಗ ನಗರಪಾಲಿಕೆಯ ಪಾಲಿಗೆ ಹೋಯಿತು. ಆದರೂ ಆ ತೀರ್ಪಿನಲ್ಲಿ ಉದ್ಯೋಗ ಯೋಜನೆ ಬರೆಯುವವರು ಕಲಿಯಬೇಕಾದ ಪಾಠವೊಂದಿದೆ. ಈ ಜನರನ್ನು ಬೀದಿಗೆ ತಂದದ್ದು ಕೆಲಸವೇ. ಕೆಲಸ ಸಿಗುವ ಕಡೆ ಬಾಡಿಗೆ ಕೈಗೆಟುಕುವುದಿಲ್ಲ, ಬಾಡಿಗೆ ಎಟುಕುವ ಕಡೆ ಕೆಲಸವಿಲ್ಲ.

ಇವರ ಲೆಕ್ಕ ಹಾಕುವುದೂ ಸುಲಭವಲ್ಲ. 2011ರ ಜನಗಣತಿ ದೇಶದಲ್ಲಿ ಸುಮಾರು 17.7 ಲಕ್ಷ ವಸತಿರಹಿತರನ್ನು ಎಣಿಸಿತು; ಅವರಲ್ಲಿ 9.4 ಲಕ್ಷದಷ್ಟು ಮಂದಿ ನಗರಗಳಲ್ಲಿದ್ದರು. ರಸ್ತೆಬದಿ, ಮೇಲ್ಸೇತುವೆಯ ಕೆಳಗೆ, ದೊಡ್ಡ ಕೊಳವೆಗಳ ಒಳಗೆ, ದೇವಸ್ಥಾನದ ಹೊರಗೆ, ರೈಲು ನಿಲ್ದಾಣದಲ್ಲಿ ಮಲಗುವವರು ಈ ಲೆಕ್ಕದವರು. ಕಟ್ಟುತ್ತಿರುವ ಕಟ್ಟಡದ ನೆಲಮಾಳಿಗೆಯಲ್ಲಿ ಈ ತಿಂಗಳು, ತಗಡಿನ ಶೆಡ್ಡಿನಲ್ಲಿ ಮುಂದಿನ ತಿಂಗಳು, ನೆಂಟರ ಕೋಣೆಯ ಮೂಲೆಯಲ್ಲಿ ಅದರ ಮುಂದಿನ ತಿಂಗಳು ಎಂದು ಅಲೆಯುವವರು ಇದರಲ್ಲಿ ಸರಿಯಾಗಿ ಸಿಕ್ಕುವುದಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬಂದ ಕುಟುಂಬಗಳು ವರ್ಷದಲ್ಲಿ ಹಲವು ಬಾರಿ ಮಲಗುವ ಜಾಗ ಬದಲಿಸುತ್ತವೆ. ಊರಿನಲ್ಲಿ ಮನೆಯಿದೆ, ರೇಷನ್ ಕಾರ್ಡೂ ಇದೆ; ದುಡಿಯುವ ಊರಿನಲ್ಲಿ ಎರಡೂ ಇಲ್ಲ. ನೆಲೆ ತಪ್ಪಿದವರು ಎನ್ನುವಾಗ ಇವರನ್ನೂ ಸೇರಿಸಿಕೊಂಡೇ ಮಾತಾಡಬೇಕು.

ಇವರಿಗೆಂದು ಯೋಜನೆ ಇಲ್ಲವೆಂದಲ್ಲ. 2013ರಲ್ಲಿ ಶುರುವಾಗಿ ಆಮೇಲೆ ದೀನದಯಾಳ್ ಅಂತ್ಯೋದಯ ಯೋಜನೆ ಎಂಬ ಹೆಸರು ಪಡೆದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಕೌಶಲ ತರಬೇತಿ, ಸ್ವ-ಉದ್ಯೋಗದ ಸಾಲ, ಸ್ವಸಹಾಯ ಗುಂಪು, ಬೀದಿ ವ್ಯಾಪಾರಿಗಳ ನೆರವು, ವಸತಿರಹಿತರ ಆಶ್ರಯ ಎಲ್ಲವೂ ಒಂದೇ ಸೂರಿನಡಿ ಇದ್ದವು. ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರ ತಂಗುದಾಣ, ತಲಾ 50 ಚದರ ಅಡಿ ಜಾಗ ಎಂಬ ಮಾರ್ಗಸೂಚಿ ಇತ್ತು. 2011ರ ಜನಸಂಖ್ಯೆಯನ್ನೇ ಹಿಡಿದರೂ ಬೆಂಗಳೂರಿಗೆ ಇಂಥ 84 ತಂಗುದಾಣ, 8,400 ಹಾಸಿಗೆ ಬೇಕಿತ್ತು. ನಗರ ಆ ಗುರಿ ಮುಟ್ಟಲಿಲ್ಲ. ಆಶ್ರಯದ ಕೆಲಸ ದೇಶದಲ್ಲೆಲ್ಲ ಎಷ್ಟು ನಿಧಾನವಾಗಿತ್ತೆಂದರೆ 2016ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಅವರ ಸಮಿತಿ ನೇಮಿಸಿ ತಪಾಸಣೆ ಮಾಡಿಸಬೇಕಾಯಿತು. ಹಾಸಿಗೆಗಳ ಕೊರತೆಗಿಂತಲೂ ನನಗೆ ದೊಡ್ಡದಾಗಿ ಕಾಣುವುದು ಬೇರೊಂದು ಲೋಪ. ಒಂದೇ ಅಭಿಯಾನದ ಎರಡು ಕೈಗಳು ಒಂದನ್ನೊಂದು ಮುಟ್ಟಲಿಲ್ಲ. ತಂಗುದಾಣ ನಡೆಸುವವರ ವರದಿಯಲ್ಲಿ ರಾತ್ರಿ ಎಷ್ಟು ಜನ ಮಲಗಿದರು ಎಂಬ ಲೆಕ್ಕ. ತರಬೇತಿ ಸಂಸ್ಥೆಯ ವರದಿಯಲ್ಲಿ ಎಷ್ಟು ಜನ ಕಲಿತು ಎಷ್ಟು ಜನ ಕೆಲಸಕ್ಕೆ ಸೇರಿದರು ಎಂಬ ಲೆಕ್ಕ. ಇಲ್ಲಿ ಮಲಗಿದವನು ಅಲ್ಲಿ ಕಲಿತನೇ, ಕಲಿತವನು ಆರು ತಿಂಗಳ ಮೇಲೆ ಎಲ್ಲಿ ಮಲಗುತ್ತಿದ್ದಾನೆ ಎಂದು ಕೇಳುವ ಹೊಣೆ ಯಾರದೂ ಆಗಿರಲಿಲ್ಲ.

ತರಬೇತಿಯನ್ನೇ ಒಮ್ಮೆ ದುಡಿಯುವವನ ಕಣ್ಣಿನಿಂದ ನೋಡೋಣ. ದಿನಕ್ಕೆ 600 ರೂಪಾಯಿಯಂತೆ ತಿಂಗಳಿಗೆ 25 ದಿನ ಕೆಲಸ ಸಿಗುವ ಕೂಲಿಕಾರ ಎಂದಿಟ್ಟುಕೊಳ್ಳಿ. ಮೂರು ತಿಂಗಳ ತರಬೇತಿ ಉಚಿತವೇ ಆದರೂ ಅವನ ಪಾಲಿಗೆ ಅದರ ಬೆಲೆ 45,000 ರೂಪಾಯಿ. ಅಷ್ಟು ದಿನ ಊಟಕ್ಕೆ ಏನು ಮಾಡಬೇಕು, ಊರಿಗೆ ಏನು ಕಳಿಸಬೇಕು? ಮುಗಿದ ಮೇಲೆ ಸಿಗುವ ಕೆಲಸದ ಸಂಬಳ ಬರುವುದು ತಿಂಗಳ ಕೊನೆಗೆ. ಅವನ ಬದುಕು ನಡೆಯುವುದು ದಿನದ ಕೂಲಿಯ ಮೇಲೆ. ಹಾಗಾಗಿ ಆ ಕೊಠಡಿಗಳಲ್ಲಿ ಕೂರುವವರು ಹೆಚ್ಚಾಗಿ ಮನೆಯಲ್ಲಿ ಇನ್ನೊಬ್ಬರ ದುಡಿಮೆ ಇರುವ ಯುವಕ ಯುವತಿಯರು. ಅವರಿಗೂ ತರಬೇತಿ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ತೀರಾ ಕೆಳಗಿನವರಿಗೆಂದು ಬರೆದ ಯೋಜನೆ ತನ್ನ ಸಮಯದ ಹೊಂದಿಕೆಯಿಂದಲೇ ಅವರನ್ನು ಬಾಗಿಲ ಹೊರಗೆ ನಿಲ್ಲಿಸುತ್ತದೆ.

ಹಾಗಾದರೆ ಕೈಯಲ್ಲಿದ್ದ ಕೆಲಸ ಕೈತಪ್ಪುವುದು ಹೇಗೆ? ಕಾರಣಗಳು ನೋಡಲು ಚಿಕ್ಕವು. ಮೊದಲನೆಯದು ಚೀಲ. ಒಂದು ಜೊತೆ ಬಟ್ಟೆ, ಕಂಬಳಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಆಧಾರ್ ಕಾರ್ಡು ಇರುವ ಚೀಲವನ್ನು ಕೆಲಸದ ಹೊತ್ತಿನಲ್ಲಿ ಎಲ್ಲಿಡಬೇಕು? ಎಲ್ಲೋ ಇಟ್ಟರೆ ಕಳವು. ಇಲ್ಲವೇ ನಗರಪಾಲಿಕೆಯವರು ಕಸದ ಜೊತೆ ಎತ್ತಿಕೊಂಡು ಹೋಗುತ್ತಾರೆ. ಕಾರ್ಡು ಹೋದರೆ ಆನ್‌ಲೈನ್‌ನಲ್ಲಿ ಹೊಸದನ್ನು ಇಳಿಸಿಕೊಳ್ಳಲು ಒಟಿಪಿ ಬೇಕು, ಒಟಿಪಿಗೆ ಹಳೆಯ ಸಿಮ್ ಬೇಕು, ಆ ಸಿಮ್ ಇದ್ದ ಫೋನು ಚೀಲದ ಜೊತೆಗೇ ಹೋಗಿರುತ್ತದೆ. ಎರಡನೆಯದು ನಿದ್ದೆ. ಮಾರುಕಟ್ಟೆಯ ಹಮಾಲಿ ಬೆಳಗಿನ ಎರಡಕ್ಕೆ ಎದ್ದು ಒಂಬತ್ತಕ್ಕೆ ಕೆಲಸ ಮುಗಿಸುತ್ತಾನೆ, ಅವನಿಗೆ ಮಲಗಲು ಹಗಲು ಜಾಗ ಬೇಕು. ಮದುವೆ ಮನೆಯ ಅಡುಗೆ ಸಹಾಯಕ ನಡುರಾತ್ರಿ ದಾಟಿ ಬರುತ್ತಾನೆ, ಅವನಿಗೆ ಆಗ ತೆರೆದಿರುವ ಬಾಗಿಲು ಬೇಕು. ಸಂಜೆ ಒಳಗೆ ಬಿಟ್ಟು ಬೆಳಿಗ್ಗೆ ಹೊರಗೆ ಕಳಿಸುವ ತಂಗುದಾಣ ಇಬ್ಬರಿಗೂ ಉಪಯೋಗವಿಲ್ಲ. ಮೂರನೆಯದು ಸ್ನಾನ ಮತ್ತು ಒಗೆದ ಬಟ್ಟೆ. ಹೋಟೆಲಿನ ಸಪ್ಲೈಯರ್, ಮಾಲ್‌ನ ಹೌಸ್‌ಕೀಪಿಂಗ್, ಆಸ್ಪತ್ರೆಯ ಆಯಾ ಮುಂತಾದ ಕೆಲಸಗಳಲ್ಲಿ ಎರಡು ದಿನ ಮಾಸಿದ ಅಂಗಿಯಲ್ಲಿ ಬಂದವರಿಗೆ ಮೂರನೆಯ ದಿನ ಬರಬೇಡ ಎನ್ನುತ್ತಾರೆ.

ನಾಲ್ಕನೆಯದು ವಿಳಾಸ. ಸೆಕ್ಯುರಿಟಿ ಗಾರ್ಡ್ ಆಗಲು ಪೊಲೀಸ್ ಪರಿಶೀಲನೆ ಆಗಬೇಕು. ಡೆಲಿವರಿ ಕೆಲಸಕ್ಕೆ ಲೈಸೆನ್ಸ್, ಬ್ಯಾಂಕ್ ಖಾತೆ ಬೇಕು. ಎಲ್ಲದರ ಬುಡದಲ್ಲೂ ‘ಎಲ್ಲಿದ್ದೀಯ?’ ಎಂಬ ಪ್ರಶ್ನೆ ಇದೆ. ಆ ವಿಳಾಸ ಕೊಡಬಲ್ಲ ಬಾಡಿಗೆ ಮನೆಗೆ ಬೆಂಗಳೂರಿನ ರೂಢಿಯಂತೆ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಎಣಿಸಬೇಕು. ತಿಂಗಳಿಗೆ 4,000 ರೂಪಾಯಿ ಬಾಡಿಗೆ ತೆರಬಲ್ಲವನ ಕೈಯಲ್ಲಿ 40,000 ರೂಪಾಯಿ ಒಟ್ಟಿಗೆ ಇರುವುದು ಯಾವ ಕಾಲಕ್ಕೆ? ಐದನೆಯದು ಕೂಲಿಯ ಬಾಕಿ. ಗಾರೆ ಕೆಲಸದಲ್ಲಿ ವಾರಕ್ಕಿಷ್ಟು ಎಂದು ಖರ್ಚಿಗೆ ಕೊಟ್ಟು ಉಳಿದದ್ದನ್ನು ಮೇಸ್ತ್ರಿ ತನ್ನಲ್ಲೇ ಇಟ್ಟುಕೊಳ್ಳುವುದುಂಟು. ಬಟವಾಡೆಯ ದಿನ ಮೇಸ್ತ್ರಿ ಬೇರೆ ಸೈಟಿಗೆ ಹೋಗಿಬಿಟ್ಟರೆ ದೂರು ಯಾರ ಮೇಲೆ, ಯಾವ ವಿಳಾಸದಿಂದ? ಹೆಂಗಸರ ಕಷ್ಟ ಇವೆಲ್ಲಕ್ಕೂ ಮೇಲೆ. ಬೀದಿಯಲ್ಲಿ ರಾತ್ರಿ ಕಣ್ಣು ಮುಚ್ಚಿದರೆ ಅಪಾಯ. ಎಚ್ಚರವಿದ್ದು ಮಕ್ಕಳನ್ನು ಕಾದ ತಾಯಿ ಬೆಳಿಗ್ಗೆ ಆರಕ್ಕೆ ಮನೆಗೆಲಸಕ್ಕೆ ಹೋಗುವುದೆಂತು? ‘ಯಾವ ಏರಿಯಾದಲ್ಲಿದ್ದೀಯಮ್ಮ?’ ಎಂದು ಮನೆಯೊಡತಿ ಕೇಳಿದಾಗ ಏನು ಹೇಳಬೇಕು?

ಈ ಪಟ್ಟಿಯಲ್ಲಿ ಒಂದಾದರೂ ತರಬೇತಿಯಿಂದ ನೀಗುವಂಥದ್ದಿದೆಯೇ? ಕೈಕೆಸರಾದರೆ ಬಾಯಿ ಮೊಸರು ಎಂದು ನಾವು ಹೇಳುತ್ತ ಬಂದಿದ್ದೇವೆ. ಕೆಸರು ತೊಳೆಯಲು ನೀರಿಲ್ಲದವರನ್ನು ಮರುದಿನ ಕೆಲಸಕ್ಕೆ ಕರೆಯುವವರೇ ಇಲ್ಲ ಎಂಬುದು ಆ ಗಾದೆಯ ಲೆಕ್ಕಕ್ಕೆ ಬಂದಿಲ್ಲ.

ಇಲ್ಲಿ ಓದುಗರು ಕೇಳಬಹುದು: ಹಾಗಾದರೆ ಮನೆ ಕೊಟ್ಟುಬಿಟ್ಟರೆ ಸಾಕೇ, ಕೆಲಸ ಹಿಂದೆಯೇ ಬರುತ್ತದೆಯೇ? ಬರುವುದಿಲ್ಲ. ಇದಕ್ಕೆ ಹೊರದೇಶಗಳ ಅನುಭವವಿದೆ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞ ಶುರುಮಾಡಿದ ಪದ್ಧತಿಯಲ್ಲಿ ಬೀದಿಯಲ್ಲಿದ್ದ ಮಾನಸಿಕ ಅಸ್ವಸ್ಥರಿಗೆ ಯಾವ ಷರತ್ತೂ ಇಲ್ಲದೆ ಮೊದಲು ಮನೆ ಕೊಡುತ್ತಿದ್ದರು. ಕುಡಿತ ಬಿಟ್ಟರೆ ಮನೆ, ಔಷಧ ತಗೊಂಡರೆ ಮನೆ ಎಂಬ ಹಳೆಯ ಕ್ರಮವನ್ನು ಅದು ಬದಲಿಸಿತು. ಕೆನಡಾ ಸರ್ಕಾರ 2009ರಿಂದ ವ್ಯಾಂಕೂವರ್, ವಿನಿಪೆಗ್, ಟೊರಾಂಟೊ, ಮಾಂಟ್ರಿಯಲ್, ಮಾಂಕ್ಟನ್ ನಗರಗಳಲ್ಲಿ ಸುಮಾರು 2,000 ಜನರ ಮೇಲೆ ಈ ಪದ್ಧತಿಯನ್ನು ಪರೀಕ್ಷಿಸಿತು. ಮನೆ ಸಿಕ್ಕವರು ಮನೆಯಲ್ಲೇ ಉಳಿದರು. ಅಷ್ಟರಮಟ್ಟಿಗೆ ಗೆಲುವು ದೊಡ್ಡದು. ಆದರೆ ಅವರ ಉದ್ಯೋಗದ ಸ್ಥಿತಿ ಮನೆ ಸಿಕ್ಕ ಮಾತ್ರಕ್ಕೆ ಸುಧಾರಿಸಲಿಲ್ಲ.

ಇನ್ನೊಂದು ಅನುಭವ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನದು. 1990ರ ದಶಕದ ಮೊದಲಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ಅಲ್ಲಿ ತೀವ್ರ ಮಾನಸಿಕ ಕಾಯಿಲೆ ಇರುವವರಿಗಾಗಿ ಉದ್ಯೋಗ ನೆರವಿನ ಹೊಸ ಕ್ರಮವೊಂದನ್ನು ರೂಪಿಸಿದರು. ಅಲ್ಲಿಯವರೆಗೆ ವರ್ಷಗಟ್ಟಲೆ ತರಬೇತಿ, ಆಮೇಲೆ ಕೆಲಸ ಎಂಬ ರೂಢಿ ಇತ್ತು. ಇವರು ಅದನ್ನು ತಿರುಗಿಸಿದರು. ವ್ಯಕ್ತಿ ತಾನೇ ಬಯಸಿದ ನಿಜವಾದ ಕೆಲಸಕ್ಕೆ ಬೇಗ ಸೇರಿಸುವುದು, ಆಮೇಲೆ ಕೆಲಸದ ಜಾಗದಲ್ಲೇ ಬೇಕಾದ ಕಲಿಕೆ ಮತ್ತು ಬೆಂಬಲವನ್ನು ಅಗತ್ಯವಿರುವಷ್ಟು ಕಾಲ ಕೊಡುವುದು. ಹಲವು ದೇಶಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ಹಳೆಯ ಕ್ರಮಕ್ಕಿಂತ ಇದರಲ್ಲಿ ಸುಮಾರು ಎರಡು ಪಟ್ಟು ಜನ ಕೆಲಸ ಪಡೆದರು. ಎರಡು ಅನುಭವಗಳನ್ನು ಒಟ್ಟಿಗಿಟ್ಟು ನೋಡಿದರೆ ವಸತಿ ಇಲಾಖೆ ತನ್ನ ಕೆಲಸ ಮುಗಿಸಿ ಫೈಲನ್ನು ಉದ್ಯೋಗ ಇಲಾಖೆಗೆ ದಾಟಿಸುವ ಕ್ರಮ ನಡೆಯುವುದಿಲ್ಲ ಎಂಬುದು ಗೊತ್ತಾಗುತ್ತದೆ. ಮಲಗುವ ಜಾಗವೂ ದುಡಿಯುವ ಜಾಗವೂ ಒಬ್ಬರೇ ಕಾರ್ಯಕರ್ತರ ಗಮನದಲ್ಲಿ, ಒಂದೇ ಕಾಲಕ್ಕೆ ಇರಬೇಕು. ನಮ್ಮಲ್ಲೂ ಇದರ ಮಾದರಿ ಇಲ್ಲದಿಲ್ಲ. 1993ರಲ್ಲಿ ಚೆನ್ನೈನಲ್ಲಿ ಶುರುವಾದ ‘ದಿ ಬ್ಯಾನಿಯನ್’ ಸಂಸ್ಥೆ ಬೀದಿಗೆ ಬಿದ್ದಿದ್ದ ಮಾನಸಿಕ ಅಸ್ವಸ್ಥ ಮಹಿಳೆಯರನ್ನು ಸಾಮಾನ್ಯ ಬಡಾವಣೆಗಳ ಬಾಡಿಗೆ ಮನೆಗಳಲ್ಲಿ ಕೆಲವರಂತೆ ಒಟ್ಟಿಗೆ ಇರಿಸಿ, ಅಲ್ಲಿಂದಲೇ ಅವರವರ ಶಕ್ತಿಗೆ ತಕ್ಕ ಕೆಲಸಕ್ಕೆ ಹೋಗಲು ಬೆಂಬಲಿಸುತ್ತದೆ.

ಆದರೂ ಪಶ್ಚಿಮದ ಪಾಠವನ್ನು ಹಾಗೆಯೇ ಇಳಿಸಿಕೊಳ್ಳಲು ಬರುವುದಿಲ್ಲ. ಅಲ್ಲಿ ಬೀದಿಗೆ ಬಂದವರಲ್ಲಿ ಕೆಲಸದಿಂದ ದೂರವಾದವರು ಬಹಳ. ಇಲ್ಲಿ ದುಡಿಯುತ್ತಲೇ ಬೀದಿಯಲ್ಲಿರುವವರು ಬಹಳ. ಅಲ್ಲಿ ಕೆಲಸ ಹುಡುಕಿಕೊಡಬೇಕು. ಇಲ್ಲಿ ಇರುವ ಕೆಲಸವನ್ನು ಮೊದಲು ಗುರುತಿಸಬೇಕು. ಗುರುತಿಸಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿಯಿದೆ. 2011ರಲ್ಲಿ ಬಿಬಿಎಂಪಿ ಚಿಂದಿ ಆಯುವವರಿಗೆ ಅವರ ವೃತ್ತಿಯ ಹೆಸರಿನಲ್ಲಿ ಗುರುತಿನ ಚೀಟಿ ಕೊಡಲು ಶುರುಮಾಡಿತು. ಹಸಿರು ದಳ ಸಂಘಟನೆ ಮತ್ತು ಚಿಂದಿ ಆಯುವವರು ಅದಕ್ಕಾಗಿ ಹೋರಾಡಿದ್ದರು. ಅಲ್ಲಿಯವರೆಗೆ ನಸುಕಿನಲ್ಲಿ ಚೀಲ ಹೊತ್ತು ಹೋಗುವವರನ್ನು ಪೊಲೀಸರು ಕಳ್ಳರೆಂದು ಹಿಡಿಯುತ್ತಿದ್ದರು. ಚೀಟಿ ಬಂದ ಮೇಲೆ ತಡೆದು ಕೇಳಿದಾಗ ತೋರಿಸಲು ಒಂದು ಆಧಾರವಾಯಿತು. ಬ್ಯಾಂಕಿಗೂ ಮಕ್ಕಳ ವಿದ್ಯಾರ್ಥಿವೇತನಕ್ಕೂ ದಾರಿಯಾಯಿತು. ಮುಂದೆ ವಾರ್ಡುಗಳ ಒಣಕಸ ಸಂಗ್ರಹ ಕೇಂದ್ರಗಳನ್ನು ಒಪ್ಪಂದದ ಮೇಲೆ ನಡೆಸುವ ಮಟ್ಟಕ್ಕೆ ಹಲವು ಚಿಂದಿ ಆಯುವವರು ಬೆಳೆದರು. ಕಸ ವಿಂಗಡಿಸುವುದನ್ನು ಅವರಿಗೆ ಯಾರೂ ಮೊದಲಿಂದ ಕಲಿಸಬೇಕಾಗಿರಲಿಲ್ಲ. ಯಾವ ಪ್ಲಾಸ್ಟಿಕ್ಕಿಗೆ ಯಾವ ಬೆಲೆ ಎಂಬುದು ಅಧಿಕಾರಿಗಳಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಎಲ್ಲಿ ಮಲಗುತ್ತೀರಿ ಎಂದು ಕೇಳುವ ಬದಲು ಏನು ಕೆಲಸ ಮಾಡುತ್ತೀರಿ ಎಂದು ನಗರ ಕೇಳಿದ್ದರಿಂದ ಇದು ಸಾಧ್ಯವಾಯಿತು.

ವಿಳಾಸವಿಲ್ಲದೆ ಹೇಗೆ ನೋಂದಾಯಿಸುವುದು ಎನ್ನುವ ಅಧಿಕಾರಿಗಳಿಗೆ ಚುನಾವಣಾ ಆಯೋಗದ ನಿಯಮವನ್ನು ತೋರಿಸಬಹುದು. ವಸತಿರಹಿತರು ಮತದಾರರ ಪಟ್ಟಿಗೆ ಅರ್ಜಿ ಹಾಕಿದರೆ ಮತಗಟ್ಟೆ ಮಟ್ಟದ ಅಧಿಕಾರಿ ರಾತ್ರಿ ಹೊತ್ತು ಆ ಜಾಗಕ್ಕೆ ಹೋಗಿ ಅವರು ಅಲ್ಲಿಯೇ ಮಲಗುತ್ತಾರೆಯೇ ಎಂದು ನೋಡಬೇಕು. ಅದು ಖಚಿತವಾದರೆ ವಾಸದ ದಾಖಲೆ ಬೇಕಿಲ್ಲ. ಮತಕ್ಕಾಗಿ ರಾತ್ರಿ ಹೋಗಿ ನೋಡಬಲ್ಲ ಸರ್ಕಾರ ಕೆಲಸಕ್ಕಾಗಿ ಏಕೆ ನೋಡಲಾರದು? ರಾಜಸ್ಥಾನ 2022ರಲ್ಲಿ ಜಾರಿಗೆ ತಂದ ನಗರ ಉದ್ಯೋಗ ಖಾತರಿ ಒಳ್ಳೆಯ ಹೆಜ್ಜೆಯಾಗಿತ್ತು. ಆದರೆ ಅದಕ್ಕೆ ಜನ ಆಧಾರ್ ಎಂಬ ಆ ರಾಜ್ಯದ ಕುಟುಂಬ ಕಾರ್ಡು ಬೇಕಿತ್ತು. ಹೊರಗಿನಿಂದ ಬಂದು ಬೀದಿಯಲ್ಲಿ ಮಲಗುವವನಿಗೆ ಆ ಖಾತರಿ ತಲುಪುವ ದಾರಿ ಇರಲಿಲ್ಲ.

ಕರ್ನಾಟಕ ಹಿಡಿದ ಇನ್ನೊಂದು ದಾರಿಯನ್ನೂ ಇಲ್ಲಿ ನೆನೆಯಬೇಕು. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಗಳಲ್ಲಿ ಇರಿಸಲಾಗುತ್ತದೆ. ಅಲ್ಲಿ ಊಟ, ವಸತಿ, ಕಸುಬಿನ ತರಬೇತಿ ಎಲ್ಲವೂ ಉಂಟು. ಇದರ ಖರ್ಚಿಗೆಂದು ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟು ಭಿಕ್ಷುಕರ ಸೆಸ್ ಕೂಡ ಇದೆ. ಕಾಗದದ ಮೇಲೆ ನೋಡಿದರೆ ವಸತಿ ಮತ್ತು ಉದ್ಯೋಗ ಒಟ್ಟಿಗೆ ಬಂದ ಯೋಜನೆ ಇದೇ. ಇಲ್ಲದ್ದು ಒಂದೇ, ಬಂದವರ ಒಪ್ಪಿಗೆ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಸಾಲುಸಾಲಾಗಿ ಸಾವುಗಳು ಸಂಭವಿಸಿದಾಗ ನಾಡು ಬೆಚ್ಚಿತು. ಹಿಡಿದು ತಂದವರಲ್ಲಿ ಕೂಲಿ ಹುಡುಕಿ ಬಂದವರೂ ಇದ್ದರು ಎಂಬ ದೂರುಗಳು ಆಗ ಕೇಳಿಬಂದವು. ದೆಹಲಿ ಹೈಕೋರ್ಟ್ 2018ರಲ್ಲಿ ಅಲ್ಲಿನ ಭಿಕ್ಷಾಟನೆ ಕಾನೂನಿನ ಶಿಕ್ಷೆಯ ಕಲಮುಗಳನ್ನು ರದ್ದುಪಡಿಸಿತು. 2021ರಲ್ಲಿ ಸುಪ್ರೀಂ ಕೋರ್ಟ್, ಬೇರೆ ದಾರಿಯಿದ್ದರೆ ಯಾರೂ ಬೇಡಲು ಬಯಸುವುದಿಲ್ಲ ಎಂಬ ಆಶಯದ ಮಾತಾಡಿ ಭಿಕ್ಷಾಟನೆ ನಿಷೇಧಿಸಲು ನಿರಾಕರಿಸಿತು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ ಕಡೆ ಕಲಿಸಿದ ಕಸುಬು, ಹೊರಗೆ ಬಂದವನ ಜೊತೆ ಬಹಳ ದೂರ ಬರುವುದಿಲ್ಲ.

ಕೆಲಸ ಕೊಡುವ ಮಾಲೀಕರೇ ವಸತಿ ಕೊಟ್ಟರೆ ಆಗದೇ ಎಂಬ ಪ್ರಶ್ನೆ ಸಹಜ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 34ನೇ ಕಲಮು ಇದನ್ನೇ ಹೇಳಿತ್ತು: ಕೆಲಸದ ಜಾಗದಲ್ಲಿ ಅಥವಾ ಹತ್ತಿರದಲ್ಲಿ ಮಾಲೀಕರು ಉಚಿತ ತಾತ್ಕಾಲಿಕ ವಸತಿ ಕೊಡಬೇಕು, ಅಡುಗೆ, ಸ್ನಾನ, ಶೌಚಕ್ಕೆ ಪ್ರತ್ಯೇಕ ಏರ್ಪಾಡು ಇರಬೇಕು. ಬೆಂಗಳೂರಿನ ಹೊರವಲಯದ ತಗಡಿನ ಶೆಡ್ಡುಗಳ ಸಾಲು ನೋಡಿದವರಿಗೆ ಆ ಕಲಮು ಎಷ್ಟರಮಟ್ಟಿಗೆ ಜಾರಿಯಾಯಿತೆಂದು ಬೇರೆ ಹೇಳಬೇಕಿಲ್ಲ. ಒಳ್ಳೆಯ ಮಾದರಿಗಳೂ ಇವೆ. ತಮಿಳುನಾಡಿನ ವಲ್ಲಂ ವಡಗಾಲ್‌ನಲ್ಲಿ ಫಾಕ್ಸ್‌ಕಾನ್ ಕಾರ್ಖಾನೆಯ ಮಹಿಳಾ ಕಾರ್ಮಿಕರಿಗಾಗಿ 2024ರಲ್ಲಿ 18,720 ಹಾಸಿಗೆಗಳ ವಸತಿ ಸಮುಚ್ಚಯ ತೆರೆಯಿತು. ಹತ್ತಿರದಲ್ಲಿ ಮಲಗಲು ಜಾಗವಿಲ್ಲದೆ ಕೆಲಸ ನಡೆಯುವುದಿಲ್ಲ ಎಂಬುದನ್ನು ಬಂಡವಾಳದವರೂ ತಿಳಿದಿದ್ದಾರೆ ಎಂದಾಯಿತು. ತೊಡಕು ಎಲ್ಲಿದೆಯೆಂದರೆ, ಮಾಲೀಕ ಕೊಟ್ಟ ಹಾಸಿಗೆ ಕೆಲಸದ ಜೊತೆಗೇ ಹೋಗುತ್ತದೆ. ಕೂಲಿ ಹೆಚ್ಚು ಕೇಳಿದರೆ, ಕಾಯಿಲೆ ಬಿದ್ದರೆ, ಕಟ್ಟಡ ಮುಗಿದರೆ ಒಂದೇ ದಿನ ಎರಡೂ ಇಲ್ಲ. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ನಡುವೆ ಕಟ್ಟಡ ಉದ್ಯಮಿಗಳ ಜೊತೆಗಿನ ಸಭೆಯ ನಂತರ ಕರ್ನಾಟಕ ಸರ್ಕಾರ ವಲಸೆ ಕಾರ್ಮಿಕರ ರೈಲುಗಳನ್ನು ರದ್ದುಮಾಡಿತು. ತೀವ್ರ ವಿರೋಧ ಬಂದ ಮೇಲೆ ಮತ್ತೆ ಬಿಟ್ಟಿತು. ಮಾಲೀಕನ ಶೆಡ್ಡಿನಲ್ಲಿ ಮಲಗುವವನು ಊರಿಗೆ ಹೋಗಬೇಕೆಂದಾಗಲೂ ಬೇರೆಯವರ ಅಪ್ಪಣೆಗೆ ಕಾಯಬೇಕು ಎಂಬುದನ್ನು ಆ ಕೆಲವು ದಿನಗಳು ತೋರಿಸಿದವು.

ಆದ್ದರಿಂದ ಹಾಸಿಗೆ ಮಾಲೀಕನದಾಗಬಾರದು. ಸಾರ್ವಜನಿಕವಾಗಿ, ಕಡಿಮೆ ಬಾಡಿಗೆಗೆ, ವಾರಕ್ಕೋ ತಿಂಗಳಿಗೋ ಸಿಗುವಂತಿರಬೇಕು. ಕೇರಳ ಸರ್ಕಾರ 2019ರಲ್ಲಿ ಪಾಲಕ್ಕಾಡಿನ ಕಂಜಿಕ್ಕೋಡು ಕೈಗಾರಿಕಾ ಪ್ರದೇಶದಲ್ಲಿ ‘ಅಪ್ನಾ ಘರ್’ ಎಂಬ ಹೆಸರಿನಲ್ಲಿ ಆರುನೂರಕ್ಕೂ ಹೆಚ್ಚು ವಲಸೆ ಕಾರ್ಮಿಕರಿಗೆ ಇಂಥ ವಸತಿ ಕಟ್ಟಿತು. ಕೇಂದ್ರವೂ 2020ರಲ್ಲಿ ಕೈಗೆಟುಕುವ ಬಾಡಿಗೆ ವಸತಿ ಸಮುಚ್ಚಯಗಳ ಯೋಜನೆ ಪ್ರಕಟಿಸಿತು. ಲಾಕ್‌ಡೌನ್‌ನ ಬಿಸಿ ಆರಿದಂತೆ ಆ ಉತ್ಸಾಹವೂ ಆರಿತು.

ಹಣವೆಲ್ಲಿ ಎಂಬ ಆಕ್ಷೇಪಕ್ಕೆ ಉತ್ತರ ಕಷ್ಟವಲ್ಲ. ಕಟ್ಟಡ ಕಾರ್ಮಿಕರ ಹೆಸರಿನಲ್ಲಿ ಕಟ್ಟಡದ ವೆಚ್ಚದ ಶೇ 1ರಷ್ಟು ಸೆಸ್ ವರ್ಷಗಳಿಂದ ಸಂಗ್ರಹವಾಗುತ್ತಿದೆ. ರಾಜ್ಯಗಳಲ್ಲಿ ಆ ಹಣ ಖರ್ಚಾಗದೆ ಕೊಳೆಯುತ್ತಿರುವುದನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಖಾರವಾಗಿ ಟೀಕಿಸಿತ್ತು. ಆ ಹಣದ ಮೇಲೆ ಮೊದಲ ಹಕ್ಕು ಇರುವುದು ಕಟ್ಟಡ ಕಟ್ಟಿ ಅದರ ನೆಲಮಾಳಿಗೆಯಲ್ಲಿ ಮಲಗಿದವರಿಗೆ. ಆದರೆ ಈ ಹಣ ನೋಡಿಕೊಳ್ಳುವ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ ದೃಢೀಕರಣ ಬೇಕು. ವಾರಕ್ಕೊಬ್ಬ ಮೇಸ್ತ್ರಿಯ ಬಳಿ ದುಡಿಯುವವನಿಗೆ ಅದನ್ನು ಬರೆದುಕೊಡುವವರಿಲ್ಲ. ಇಂಥವರ ಕೆಲಸದ ದಿನಗಳನ್ನು ತಂಗುದಾಣದ ಕಾರ್ಯಕರ್ತರೇ ದಾಖಲಿಸಿ ದೃಢೀಕರಿಸುವ ಅಧಿಕಾರ ಕೊಟ್ಟರೆ ನೋಂದಣಿಯ ಬಾಗಿಲು ತೆರೆಯುತ್ತದೆ. ಬಾಡಿಗೆ ಮನೆಗೆ ಏರಲು ಸಿದ್ಧರಿರುವವರಿಗೆ ಅಡ್ವಾನ್ಸ್ ಹಣವನ್ನು ಸಾಲವಾಗಿ ಕೊಡುವುದೂ ಸಾಧ್ಯ. ಬೀದಿ ವ್ಯಾಪಾರಿಗಳಿಗೆ 2020ರಿಂದ ಅಡಮಾನವಿಲ್ಲದೆ ಮೊದಲ ಕಂತಾಗಿ 10,000 ರೂಪಾಯಿ ಸಾಲ ಕೊಟ್ಟ ಪ್ರಧಾನಮಂತ್ರಿ ಸ್ವನಿಧಿಯ ಅನುಭವ ನಮ್ಮ ಬ್ಯಾಂಕುಗಳಿಗೆ ಇದೆ.

ಗಂಭೀರವಾಗಿ ಪರಿಗಣಿಸಬೇಕಾದ ಆಕ್ಷೇಪ ಇನ್ನೊಂದಿದೆ. ಕೊಳೆಗೇರಿಯಲ್ಲಿ ಸೋರುವ ಮನೆಗೆ ಬಾಡಿಗೆ ಕಟ್ಟಿ, ಹೇಗೋ ಮಕ್ಕಳನ್ನು ಓದಿಸುವ ಕುಟುಂಬವೂ ಬಡತನದಲ್ಲೇ ಇದೆ. ಅದನ್ನು ಬಿಟ್ಟು ನಿನ್ನೆ ಬಂದು ನಾಳೆ ಹೋಗುವವರಿಗೆ ಮೊದಲು ಕೊಡುವುದು ನ್ಯಾಯವೇ? ಈ ಪ್ರಶ್ನೆಯಲ್ಲಿ ಹುರುಳಿದೆ. ನಾನು ಕೇಳುತ್ತಿರುವುದು ಸ್ವಂತ ಮನೆಯ ಸರದಿಯಲ್ಲಿ ಯಾರನ್ನೂ ಮುಂದೆ ತಳ್ಳುವುದನ್ನಲ್ಲ. ದುಡಿಯುವಷ್ಟು ಕಾಲ ಇರಬಹುದಾದ, ಬಾಡಿಗೆ ಕೊಟ್ಟು ಬಳಸುವ ಹಾಸಿಗೆಯನ್ನು. ಅದು ಇಲ್ಲದಿದ್ದರೆ ಇದೇ ಜನ ಆ ಕೊಳೆಗೇರಿಯ ಕೋಣೆಗೆ ಹತ್ತು ಜನರಂತೆ ನುಗ್ಗಿ ಅಲ್ಲಿನ ಬಾಡಿಗೆಯನ್ನೂ ಏರಿಸುತ್ತಾರೆ. ಊರಿಗೆ ಹೋಗಿ ಬರುವುದು ಅವರ ಚಂಚಲತೆಯಲ್ಲ. ಮುಂಗಾರು ಬಿತ್ತನೆಗೆ ಹೋಗಿ ಸುಗ್ಗಿ ಮುಗಿಸಿ ಬರುವ ಲೆಕ್ಕ ಅದರಲ್ಲಿದೆ. ಯೋಜನೆ ಆ ಲೆಕ್ಕಕ್ಕೆ ಹೊಂದಿಕೊಳ್ಳಬೇಕು, ಅವರು ಮತ್ತೆ ಬಂದಾಗ ಹಳೆಯ ನೋಂದಣಿ ಜೀವಂತವಾಗಿರಬೇಕು.

ಉಚಿತವಾಗಿ ಕೊಟ್ಟರೆ ಸೋಮಾರಿಗಳಾಗುತ್ತಾರೆ ಎಂಬ ಮಾತಿಗೆ ಹೆಚ್ಚು ಉತ್ತರ ಬೇಕಿಲ್ಲ. ಬೆಳಗಿನ ಎರಡಕ್ಕೆ ಎದ್ದು ಮೂಟೆ ಹೊರುವವನಿಗೆ ಆ ಭಯ ಅನ್ವಯಿಸದು. ಕುಡಿತದ ಮಾತು ಬೇರೆ. ಅದು ನಿಜವಾದ ತೊಂದರೆ, ಕೆಲಸವನ್ನೂ ದೇಹವನ್ನೂ ತಿನ್ನುತ್ತದೆ. ಆದರೆ ಕುಡಿತ ಬಿಟ್ಟು ಬಾ, ಆಮೇಲೆ ಹಾಸಿಗೆ ಎಂದರೆ ಬಿಡಲು ಬೇಕಾದ ಒಂದು ನಿಶ್ಚಿಂತೆಯ ರಾತ್ರಿಯನ್ನೇ ಕೊಡದೆ ಷರತ್ತು ಹಾಕಿದಂತಾಗುತ್ತದೆ.

2024ರಲ್ಲಿ ಹಳೆಯ ನಗರ ಜೀವನೋಪಾಯ ಅಭಿಯಾನದ ಅವಧಿ ಮುಗಿದು ಅದರ ಮುಂದಿನ ರೂಪವನ್ನು ಕೆಲವು ನಗರಗಳಲ್ಲಿ ಪ್ರಯೋಗಕ್ಕೆ ಇಳಿಸಲಾಯಿತು. ಹೊಸ ನಿಯಮ ಬರೆಯುವ ಇಂಥ ಹೊತ್ತಿನಲ್ಲಿ ಹಳೆಯ ತಪ್ಪನ್ನು ತಿದ್ದುವುದು ಸುಲಭ. ತಂಗುದಾಣಗಳು ಮಾರುಕಟ್ಟೆ, ಬಸ್ ನಿಲ್ದಾಣ, ಕೂಲಿಯವರು ಸೇರುವ ವೃತ್ತಗಳ ಹತ್ತಿರ ಇರಲಿ, ಹಗಲಿರುಳೂ ತೆರೆದಿರಲಿ, ಬೀಗದ ಪೆಟ್ಟಿಗೆ, ಬಟ್ಟೆ ಒಗೆಯುವ ಜಾಗ, ಫೋನ್ ಚಾರ್ಜ್ ಮಾಡುವ ಸ್ಥಳ ಇರಲಿ. ಅದೇ ಕಟ್ಟಡದಲ್ಲಿ ವಾರಕ್ಕೆರಡು ದಿನ ಕಾರ್ಮಿಕ ಇಲಾಖೆಯ ಸಿಬ್ಬಂದಿ ಕೂತು ಕೂಲಿ ಬಾಕಿಯ ದೂರು ಬರೆದುಕೊಳ್ಳಲಿ. ತರಬೇತಿ ಬೇಕೆನ್ನುವವರಿಗೆ ಸಂಜೆ ಹೊತ್ತು, ಕೂಲಿ ತಪ್ಪದಂತೆ, ಇರುವ ಕೆಲಸದಲ್ಲೇ ಒಂದು ಮೆಟ್ಟಿಲು ಮೇಲೇರುವ ತರಬೇತಿ ಸಿಗಲಿ; ಗಾರೆ ಕಲಸುವವನು ಟೈಲ್ಸ್ ಹಾಕಲು ಕಲಿಯಲಿ. ತಂಗುದಾಣದ ವಿಳಾಸವನ್ನೇ ಬ್ಯಾಂಕು, ಪೊಲೀಸ್ ಪರಿಶೀಲನೆ, ಕಾರ್ಮಿಕ ಮಂಡಳಿ ಮೂರೂ ಒಪ್ಪುವಂತೆ ಸರ್ಕಾರ ಆದೇಶ ಹೊರಡಿಸಲಿ.

ಇವೆಲ್ಲಕ್ಕೂ ಮೇಲಾಗಿ ಲೆಕ್ಕ ಕೇಳುವ ರೀತಿ ಬದಲಾಗಬೇಕು. ಎಷ್ಟು ಪ್ರಮಾಣಪತ್ರ ಹಂಚಿದಿರಿ ಎಂದು ಕೇಳುವವರೆಗೂ ಸಂಸ್ಥೆಗಳು ಪ್ರಮಾಣಪತ್ರಗಳನ್ನೇ ಹಂಚುತ್ತವೆ. ನೋಂದಾಯಿಸಿದ ಪ್ರತಿಯೊಬ್ಬರ ಬಗ್ಗೆ ಒಂದು ವರ್ಷದ ಮೇಲೆ ಮೂರು ಪ್ರಶ್ನೆ ಕೇಳಲಿ: ಕಳೆದ ತಿಂಗಳು ಎಷ್ಟು ದಿನ ಕೆಲಸ ಸಿಕ್ಕಿತು, ದುಡಿದ ಕೂಲಿ ಪೂರ್ತಿ ಕೈಗೆ ಬಂತೇ, ನಿನ್ನೆ ರಾತ್ರಿ ಎಲ್ಲಿ ಮಲಗಿದಿರಿ. ಮೂರಕ್ಕೂ ಒಳ್ಳೆಯ ಉತ್ತರ ತಂದ ಸಂಸ್ಥೆಗೆ ಹಣ ಕೊಡಲಿ, ತರದವರಿಗೆ ನಿಲ್ಲಿಸಲಿ. ಆಗ ಹಾಸಿಗೆ ನೋಡಿಕೊಳ್ಳುವವರೂ ಕೆಲಸ ಕೊಡಿಸುವವರೂ ತಾವಾಗಿಯೇ ಒಂದು ಮೇಜಿನ ಸುತ್ತ ಕೂರುತ್ತಾರೆ. ಯಾಕೆಂದರೆ ಒಬ್ಬರ ಕೆಲಸ ಕೆಟ್ಟರೆ ಇನ್ನೊಬ್ಬರ ಅಂಕಿಯೂ ಕೆಡುತ್ತದೆ. ನಗರವನ್ನು ಕಟ್ಟುವ, ಅದಕ್ಕೆ ತರಕಾರಿ ಇಳಿಸುವ, ಅದರ ಕಸ ಎತ್ತುವ ಜನರಿಗೆ ದುಡಿಮೆಯ ಮಹತ್ವವನ್ನು ಕಲಿಸಬೇಕಾದ ಅಗತ್ಯ ನಮಗಿಲ್ಲ. ಅವರು ದುಡಿದದ್ದು ಅವರ ಕೈಯಲ್ಲಿ ನಿಲ್ಲುವಂತೆ ಮಾಡುವ ಹೊಣೆ ಮಾತ್ರ ನಮ್ಮದು, ಅದನ್ನು ತರಬೇತಿಯ ಹೆಸರಿನಲ್ಲಿ ಅವರ ಮೇಲೆಯೇ ಹೊರಿಸುವುದನ್ನು ಬಿಡಬೇಕು.